ಸ್ಟೋಕರ್ ನೋಡದ ಹಾಳುಕೋಟೆ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಅಬರ್ಡೀನ್ ನಗರದಿಂದ ಸುಮಾರು 40 ಕಿ.ಮೀ. ಉತ್ತರಕ್ಕೆ, ಕ್ರೂಡನ್ ಬೇ ಎಂಬ ಮೀನುಗಾರರ ಹಳ್ಳಿಯಿದೆ. ಕಡಲು ಸೇರುವ ಒಂದು ಹೊಳೆ, ಅದರ ಬಾಯಲ್ಲಿ ಪುಟ್ಟ ಬಂದರು, ಸಾಲುಮನೆಗಳು, ದಕ್ಷಿಣಕ್ಕೆ ಉದ್ದದ ಮರಳ ದಂಡೆ. ಊರೆಂದರೆ ಇಷ್ಟೇ. ಉತ್ತರದ ಕಡಿದಾದ ಬಂಡೆಯ ಮೇಲೆ ಸ್ಲೇನ್ಸ್ ಕೋಟೆ ಹಾಳು ಸುರಿಯುತ್ತ ನಿಂತಿದೆ. ಕಾದಂಬರಿಕಾರ ಬ್ರಾಂ ಸ್ಟೋಕರನ ತಲೆಯಲ್ಲಿ 'ಡ್ರಾಕುಲಾ' ಹುಟ್ಟಿದ್ದು ಇದನ್ನು ನೋಡಿಯೇ ಎಂಬ ಮಾತು ಕೇಳಿ ಬರುವವರು ಬಹಳ. ಮೇಲೆ ಆಕಾಶ, ಕೆಳಗೆ ಅಬ್ಬರಿಸುವ ಕಡಲು, ನಡುವೆ ಬಾಯಿ ತೆರೆದ ಕಿಟಕಿಗಳು. ಯಾರಾದರೂ ನಂಬಬೇಕಾದ್ದೇ. ಆದರೆ ಸ್ಟೋಕರ್ ಬಂದಾಗ ಕೋಟೆ ಹೀಗಿರಲೇ ಇಲ್ಲ!

ಕೋಟೆ 'ಎರಲ್ ಅರ್ಲ್' ಎಂಬ ಬಿರುದಿನ ಹೇ ಮನೆತನದ್ದಾಗಿತ್ತು. ಇದೇ ಹೆಸರಿನ ಅವರ ಹಳೆಯ ಕೋಟೆ ದಕ್ಷಿಣಕ್ಕೆ, ಕಾಲಿಸ್ಟನ್ ಹಳ್ಳಿಯ ಬಳಿಯಿತ್ತು. ಒಂಬತ್ತನೆಯ ಅರ್ಲ್ ಫ್ರಾನ್ಸಿಸ್ ಹೇ ಕ್ಯಾಥೊಲಿಕ್ ಬಂಡಾಯಗಾರರ ಜೊತೆ ಸೇರಿದ್ದಕ್ಕೆ ಆರನೆಯ ಜೇಮ್ಸ್ ದೊರೆ 1594ರಲ್ಲಿ ಅದನ್ನು ಮದ್ದಿಟ್ಟು ಒಡೆಸಿದ. ದೇಶ ಬಿಟ್ಟು ಹೋಗಿದ್ದ ಅರ್ಲ್ ದೊರೆಯ ಕ್ಷಮೆ ಪಡೆದು ಮರಳಿದ. ಹಳೆಯದನ್ನು ರಿಪೇರಿ ಮಾಡುವ ಗೋಜಿಗೆ ಹೋಗದೆ, ಈ ಬಂಡೆಯ ಮೇಲೆ ಹೊಸ ಮನೆ ಎಬ್ಬಿಸಿದ. ಒಂದು ಕೋಟೆ ಉರುಳಿದ್ದರಿಂದಲೇ ಇನ್ನೊಂದು ಎದ್ದದ್ದು.

1773ರಲ್ಲಿ ಬರಹಗಾರರಾದ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಜೇಮ್ಸ್ ಬಾಸ್ವೆಲ್ ಇಲ್ಲಿ ಅತಿಥಿಗಳಾಗಿ ಉಳಿದರು. ಮೋಜಿಗಾಗಿ ಬಿರುಗಾಳಿಯನ್ನು ಬಯಸಲಾರೆ, ಹೇಗೂ ಬೀಸುವುದಿದ್ದರೆ ಈ ಕೋಟೆಯಿಂದಲೇ ಅದನ್ನು ನೋಡಬೇಕು ಎಂಬರ್ಥದ ಮಾತನ್ನು ಜಾನ್ಸನ್ ಆಮೇಲೆ ಬರೆದ. ಬೆಚ್ಚನೆಯ ಕೋಣೆಯಲ್ಲಿ ಕೂತವನ ಮಾತು ಅದು. ದೋಣಿಯಲ್ಲಿದ್ದವರ ಅಭಿಪ್ರಾಯ ಬೇರೆಯೇ ಇದ್ದೀತು.

1830ರ ದಶಕದಲ್ಲಿ ಕೋಟೆಯನ್ನು ಗ್ರಾನೈಟ್‌ನಲ್ಲಿ ಬಹುಪಾಲು ಹೊಸದಾಗಿ ಕಟ್ಟಿಸಿದರು. ಹಳ್ಳಿಗೆ ಬಂದರು ಬಂದದ್ದು 1870ರ ದಶಕದಲ್ಲಿ. ಅದನ್ನು ಕಟ್ಟಿಸಿದವನೂ ಎರಲ್ ಅರ್ಲ್. ಹಾಗಾಗಿ ಅದು ಪೋರ್ಟ್ ಎರಲ್. ಇಳಿತದಲ್ಲಿ ನೀರು ಬತ್ತಿ, ದೋಣಿಗಳು ಕೆಸರಿನ ಮೇಲೆ ಕೂರುವ ಬಂದರು ಇದು. ಹೆರಿಂಗ್ ಮೀನಿನ ದೊಡ್ಡ ವಹಿವಾಟೆಲ್ಲ ಪಕ್ಕದ ಪೀಟರ್‌ಹೆಡ್‌ನದಾಗಿತ್ತು. ಇಲ್ಲಿಯವರು ಸಣ್ಣ ದೋಣಿಗಳಲ್ಲಿ ಹೋಗುತ್ತಿದ್ದರು, ದಡದ ಬಳಿ ಸಾಲ್ಮನ್‌ಗೆ ಬಲೆ ಕಟ್ಟುತ್ತಿದ್ದರು.

ಸ್ಟೋಕರ್ ಲಂಡನ್ನಿನ ಲೈಸಿಯಮ್ ರಂಗಮಂದಿರದ ವ್ಯವಸ್ಥಾಪಕ. 1893ರಲ್ಲಿ ರಜೆಗೆಂದು ಬಂದವನು ಈ ಊರಿಗೆ ಮನಸೋತು ಮತ್ತೆ ಮತ್ತೆ ಬಂದ. ಅವನು ಇಳಿದುಕೊಂಡ ಕಿಲ್ಮಾರ್ನಕ್ ಆರ್ಮ್ಸ್ ಹೋಟೆಲಿನ ಅತಿಥಿ ಪುಸ್ತಕದಲ್ಲಿ ಅವನ ಸಹಿಯಿದೆ. 'ಡ್ರಾಕುಲಾ' ಅಚ್ಚಾದದ್ದು 1897ರಲ್ಲಿ. ಕಾದಂಬರಿಯ ಕೋಟೆಯಲ್ಲಿ ಎಂಟು ಮೂಲೆಯ ಪುಟ್ಟ ಕೋಣೆಯೊಂದು ಬರುತ್ತದೆ. ಸ್ಲೇನ್ಸ್‌ನ ಒಳಗೂ ಎಂಟು ಮೂಲೆಯ ಹಜಾರವಿತ್ತು. ಈ ಹೋಲಿಕೆಯನ್ನು ಅಲ್ಲಗಳೆಯುವುದು ಕಷ್ಟ. ಆದರೆ ಕಾದಂಬರಿಗೆ ಅವನು ಟಿಪ್ಪಣಿ ಶುರು ಮಾಡಿದ್ದು 1890ರಲ್ಲೇ, ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ಇಂಗ್ಲೆಂಡಿನ ವಿಟ್ಬಿಯ ಗ್ರಂಥಾಲಯದಲ್ಲಿ. ಕ್ರೂಡನ್ ಬೇಗೆ ಬರುವ ಮುಂಚೆಯೇ ರಕ್ತ ಹೀರುವ ಕೌಂಟ್ ಅವನ ಜೊತೆಗಿದ್ದ. ಇಲ್ಲಿ ಅವನು ಕಂಡದ್ದು ಮಾಡು, ಗಾಜು, ದೀಪ, ಆಳುಕಾಳು ಎಲ್ಲ ಇದ್ದ ಶ್ರೀಮಂತರ ಮನೆಯನ್ನು. ಈ ಊರನ್ನೇ ನೆಲೆಯಾಗಿಟ್ಟು ಅವನು ಬರೆದದ್ದು 1895ರ 'ದಿ ವಾಟರ್ಸ್ ಮೌ' ಎಂಬ ಕಳ್ಳಸಾಗಣೆಯ ಕತೆ. ಅದನ್ನು ಈಗ ಓದುವವರು ಕಡಿಮೆ.

ಹಾಗಾದರೆ ಕೋಟೆ ಹಾಳಾದದ್ದು ಹೇಗೆ? ಯುದ್ಧದಿಂದಲ್ಲ, ಬೆಂಕಿಯಿಂದಲ್ಲ, ಶಾಪದಿಂದಂತೂ ಅಲ್ಲ. 1916ರಲ್ಲಿ ಇಪ್ಪತ್ತನೆಯ ಅರ್ಲ್ ಅದನ್ನು ಮಾರಿದ; ಕೊಂಡವನು ಹಡಗು ಕಂಪನಿಗಳ ಒಡೆಯ ಸರ್ ಜಾನ್ ಎಲರ್ಮನ್. ಮಾಡಿಲ್ಲದ ಕಟ್ಟಡಕ್ಕೆ ಆಗ ಸ್ಕಾಟ್ಲೆಂಡಿನಲ್ಲಿ ತೆರಿಗೆ ಇರಲಿಲ್ಲ. ಸಾಕಲಾಗದ ಬಂಗಲೆಗಳ ಮಾಡು ಕೀಳಿಸುವುದು ಅಲ್ಲಿನ ಜಮೀನುದಾರರಿಗೆ ಗೊತ್ತಿದ್ದ ಉಪಾಯ. 1925ರಲ್ಲಿ ಸ್ಲೇನ್ಸ್‌ಗೂ ಅದೇ ಗತಿ. ಉಳಿದದ್ದನ್ನು ಉಪ್ಪುಗಾಳಿ, ಮಳೆ ನೋಡಿಕೊಂಡವು. ನಾವು ಪುರಾತನ ಎಂದುಕೊಂಡು ಫೋಟೊ ತೆಗೆಯುವ ಈ ಪಾಳಿಗೆ ನೂರು ವರ್ಷದ ಆಸುಪಾಸು. ಹಳೆಯ ಸ್ಲೇನ್ಸ್ ದೊರೆಯ ಸಿಟ್ಟಿಗೆ ಬಿತ್ತು, ಹೊಸದು ಲೆಕ್ಕದ ಪುಸ್ತಕಕ್ಕೆ.

ಅಬರ್ಡೀನ್‌ನಿಂದ ಬಸ್ಸಿದೆ, ಹಳ್ಳಿಯಿಂದ ಕೋಟೆಗೆ ನಡೆದೇ ಹೋಗಬಹುದು. ಮೇ-ಜೂನ್‌ನಲ್ಲಿ ಹೋದರೆ ಇನ್ನೂ ಉತ್ತರಕ್ಕಿರುವ ಬುಲರ್ಸ್ ಆಫ್ ಬಕನ್ ಎಂಬ ಕಡಲ ಬಾವಿಯ ಸುತ್ತ ಗೂಡು ಕಟ್ಟಿದ ಕಡಲಹಕ್ಕಿಗಳನ್ನೂ ನೋಡಬಹುದು. ಗೋಡೆಗಳು ಶಿಥಿಲವಾಗಿವೆ, ಬಂಡೆಯಂಚು ಜಾರುತ್ತದೆ. ಮಕ್ಕಳು ಜೊತೆಗಿದ್ದರೆ ಕೈ ಬಿಡಬೇಡಿ.