ಖಾಲಿ ಕಾಲುಚೀಲದ ಕಹಿ

ಪ್ರಶ್ನೆ: ಚಿಕ್ಕಂದಿನ ಕ್ರಿಸ್‌ಮಸ್‌ಗೆ ಆಸೆಪಟ್ಟ ಉಡುಗೊರೆ ಸಿಗದ ನೋವು ದೊಡ್ಡವರಾದ ಮೇಲೂ ಏಕೆ ಉಳಿಯುತ್ತದೆ? ಅದು ಕೃತಜ್ಞತೆಯಾಗಿ ಮಾಗಬಹುದೇ?

ಉತ್ತರ: ಮಾಗಬಹುದು. ಆದರೆ ಮೊದಲು ಆ ನೋವಿನ ಬೇರು ಎಲ್ಲಿದೆ ಎಂದು ನೋಡಬೇಕು. 1823ರಲ್ಲಿ ಅಮೆರಿಕದ ಟ್ರಾಯ್ ಪಟ್ಟಣದ ಪತ್ರಿಕೆಯಲ್ಲಿ ಬಂದ ಕವಿತೆಯೊಂದು, ರಾತ್ರಿ ಚಿಮಣಿಯಿಂದಿಳಿದು ಕಾಲುಚೀಲ ತುಂಬಿಸುವ ಸಂತ ನಿಕೋಲಸನನ್ನು, ಅಂದರೆ ಸಾಂಟಾ ಕ್ಲಾಸ್‌ನನ್ನು, ಮನೆಮಾತಾಗಿಸಿತು. 1934ರ ಜನಪ್ರಿಯ ಹಾಡು ಅವನ ಕೈಯಲ್ಲಿರುವ ಒಳ್ಳೆಯ, ಕೆಟ್ಟ ಮಕ್ಕಳ ಪಟ್ಟಿಯನ್ನು ಎಲ್ಲರ ಬಾಯಲ್ಲಿ ಹಾಡಿಸಿತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಎಷ್ಟೋ ಮನೆಗಳ ಕಾಲುಚೀಲದ ತುದಿಯಲ್ಲಿ ಒಂದು ಕಿತ್ತಳೆ, ಒಂದು ಹಿಡಿ ಕಾಯಿಬೀಜ ಇದ್ದರೆ ಅದೇ ಹಬ್ಬ. ಪಕ್ಕದ ಮನೆಯ ಹುಡುಗನಿಗೆ ಸೈಕಲ್ ಬಂದಾಗ ಇಂಥ ಮನೆಯ ಮಗು ಅಪ್ಪನ ಕೂಲಿ ಲೆಕ್ಕ ಹಾಕುವುದಿಲ್ಲ, ತಾನೇ ಕೆಟ್ಟವನೆಂದುಕೊಳ್ಳುತ್ತದೆ. ಉಳಿಯುವುದು ಈ ತೀರ್ಪಿನ ಗಾಯ. ಮುಂದೆ ಆ ಕಿತ್ತಳೆಯನ್ನು ತಂದವರು ಯಾರು, ಯಾವ ಖರ್ಚು ಬಿಟ್ಟು ತಂದರು ಎಂದು ತಿಳಿದಾಗ ಕೃತಜ್ಞತೆ ಹೇಳಲು ಒಂದು ಮುಖ ಸಿಗುತ್ತದೆ.

ಬಡತನವಲ್ಲ, ಅಪ್ಪನ ಕುಡಿತ ಅಥವಾ ಅಸಡ್ಡೆಯೇ ಕಾರಣವಾಗಿದ್ದರೆ? ಈ ಆಕ್ಷೇಪ ನ್ಯಾಯವಾದದ್ದು. ಆಗ ಮೊದಲು ಎದುರಾಗುವುದು ಕ್ಷಮೆಯ ಪ್ರಶ್ನೆ. ಕ್ಷಮೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್, ಕ್ಷಮಿಸುವುದೆಂದರೆ ತಪ್ಪನ್ನು ಸರಿಯೆನ್ನುವುದಲ್ಲ, ಮತ್ತೆ ಒಂದಾಗಲೇಬೇಕೆಂದೂ ಅಲ್ಲ ಎನ್ನುತ್ತಾರೆ. ಇನ್ನು ಕೃತಜ್ಞತೆಯ ವಿಷಯಕ್ಕೆ ಬಂದರೆ, ಒಳಿತನ್ನು ವಾರವಾರ ಬರೆದಿಟ್ಟವರು ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ತೋರಿದರೆಂದು ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಫ್ 2003ರಲ್ಲಿ ದಾಖಲಿಸಿದರು. ಅದು ಏನು ಬರೆಯಬೇಕೆಂದು ತಾವೇ ಆರಿಸಿಕೊಂಡ ಪಟ್ಟಿ. ಅಳುವ ಮಗುವಿನಿಂದ ಒತ್ತಾಯದಿಂದ ಹೇಳಿಸಿದ ಥ್ಯಾಂಕ್ಸ್‌ಗೆ ಆ ಫಲವನ್ನು ಆರೋಪಿಸುವುದು ತಪ್ಪು.