ಗಾಳಿಯ ಮೇಲೆ ಕೂತ ಕಾರು: ಏರ್ ಸಸ್ಪೆನ್ಷನ್ ಬಾಳಿಕೆ ಬರಲು

ಏರ್ ಸಸ್ಪೆನ್ಷನ್ ಇರುವ ಕಾರು ಕೈಕೊಟ್ಟಾಗ ಮಾಲೀಕರು ದುಡ್ಡು ಸುರಿಯುವುದು ಹೆಚ್ಚಾಗಿ ಕಂಪ್ರೆಸರಿಗೆ. ಕಂಪ್ರೆಸರ್ ಸುಟ್ಟಿರುವುದೂ ನಿಜವೇ. ಆದರೆ ಅದಕ್ಕೆ ಎಷ್ಟೋ ಮೊದಲೇ ಎಲ್ಲೋ ಒಂದು ಕಡೆ ಗಾಳಿ ಸಣ್ಣಗೆ ಸೋರಲು ಶುರುವಾಗಿರುತ್ತದೆ. ಆ ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಈ ಅಧ್ಯಾಯದಲ್ಲಿ ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇದೇ. ಉಳಿದದ್ದು, ಕಾರನ್ನು ಏರಿಸಿ ಇಳಿಸುವ ಬಟನ್ನನ್ನು ಯಾವಾಗ ಒತ್ತಬೇಕು, ಯಾವಾಗ ಅದರ ಪಾಡಿಗೆ ಬಿಡಬೇಕು ಎಂಬುದು.

ಕಬ್ಬಿಣದ ಸ್ಪ್ರಿಂಗ್ ಇರುವ ಜಾಗದಲ್ಲಿ ಇಲ್ಲಿ ನೂಲಿನ ಪದರಗಳನ್ನು ಹುದುಗಿಸಿದ ರಬ್ಬರಿನ ಚೀಲವಿರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬೆಲ್ಲೋಸ್ ಎನ್ನುತ್ತಾರೆ. ಒಂದು ಪುಟ್ಟ ವಿದ್ಯುತ್ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಆ ಗಾಳಿ ತೇವ ಹೀರುವ ಡ್ರೈಯರ್ ಹಾಯ್ದು ವಾಲ್ವ್ ಬ್ಲಾಕಿಗೆ ಬರುತ್ತದೆ, ಅಲ್ಲಿಂದ ಪೆನ್ಸಿಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆಗಳಲ್ಲಿ ಚೀಲಗಳಿಗೆ ಹೋಗುತ್ತದೆ. ಹಲವು ಕಾರುಗಳಲ್ಲಿ ಗಾಳಿ ಕೂಡಿಡುವ ಒಂದು ಸಣ್ಣ ಟ್ಯಾಂಕೂ ಉಂಟು. ಚಕ್ರಗಳ ಬಳಿಯ ಸೆನ್ಸರುಗಳು ಕಾರು ಎಷ್ಟು ಎತ್ತರದಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುತ್ತವೆ. ಎತ್ತರ ಕಡಿಮೆಯಾದರೆ ಗಾಳಿ ತುಂಬು, ಜಾಸ್ತಿಯಾದರೆ ಬಿಡು. ಕಂಪ್ಯೂಟರಿನ ಕೆಲಸ ಅಷ್ಟೇ.

ಇಷ್ಟೆಲ್ಲ ತಾಪತ್ರಯ ಏಕೆ? ಕಬ್ಬಿಣದ ಸ್ಪ್ರಿಂಗಿನ ಬಿಗಿ ಸಾಮಾನ್ಯವಾಗಿ ಒಂದೇ. ಡ್ರೈವರ್ ಒಬ್ಬನೇ ಇದ್ದಾಗ ಹಿತವಾಗಿದ್ದ ಕಾರು, ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಹಿಂದಕ್ಕೆ ಜಗ್ಗುತ್ತದೆ. ಗಾಳಿಯ ಚೀಲ ಹಾಗಲ್ಲ. ಭಾರ ಹೆಚ್ಚಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ, ಒತ್ತಡದ ಜೊತೆ ಬಿಗಿಯೂ ಹೆಚ್ಚುತ್ತದೆ. ಹಾಗಾಗಿ ತುಂಬಿದ ಗಾಡಿಯೂ ಖಾಲಿ ಗಾಡಿಯೂ ಹೆಚ್ಚುಕಡಿಮೆ ಒಂದೇ ಲಯದಲ್ಲಿ ತೂಗುತ್ತವೆ, ನೆಲದಿಂದ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಜನ ಹತ್ತಿ ಇಳಿದಂತೆ ಭಾರ ಬದಲಾಗುತ್ತಲೇ ಇರುವ ಬಸ್ಸಿಗೆ, ರೈಲು ಬೋಗಿಗೆ ಇದು ಹೇಳಿ ಮಾಡಿಸಿದ್ದು. ವಂದೇ ಭಾರತ್ ರೈಲಿನ ಬೋಗಿಗಳು ಕೂತಿರುವುದೂ ಗಾಳಿಯ ಸ್ಪ್ರಿಂಗುಗಳ ಮೇಲೆಯೇ.

ಕಾರಿನ ಕಥೆ ಅಷ್ಟು ಸಲೀಸಾಗಿ ಸಾಗಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಎಂಬ ಭಾರಿ ಬೆಲೆಯ ಕಾರಿಗೆ ನಾಲ್ಕೂ ಚಕ್ರಕ್ಕೆ ಗಾಳಿಯ ಸ್ಪ್ರಿಂಗ್ ಕೊಟ್ಟಿತು. ಮರುವರ್ಷ ಷೆವರ್ಲೆಯಂಥ ಸಾಮಾನ್ಯರ ಕಾರಿಗೂ ಅದನ್ನು ಹೆಚ್ಚುವರಿ ಬೆಲೆಗೆ ಮಾರಲು ನೋಡಿತು. ಗಾಳಿ ಸೋರಿತು, ಕಾರುಗಳು ಮನೆಯಂಗಳದಲ್ಲಿ ಕುಸಿದು ಕೂತವು. ಎಷ್ಟೋ ಮಾಲೀಕರು ಎಲ್ಲವನ್ನೂ ಬಿಚ್ಚಿಸಿ ಕಬ್ಬಿಣದ ಕಾಯಿಲ್ ಹಾಕಿಸಿಕೊಂಡರು, ಕೆಲವೇ ವರ್ಷಗಳಲ್ಲಿ ಕಂಪನಿಯೂ ಕೈಬಿಟ್ಟಿತು. 1960ರ ದಶಕದಲ್ಲಿ ಮರ್ಸಿಡಿಸ್ ತನ್ನ 300 ಎಸ್‌ಇಎಲ್ ಕಾರಿಗೆ ಇದನ್ನು ಅಳವಡಿಸಿ ಉಳಿಸಿಕೊಂಡಿತು. ಎಲೆಕ್ಟ್ರಾನಿಕ್ ಸೆನ್ಸರುಗಳು ಬಂದ ಮೇಲೆ, 1984ರ ಲಿಂಕನ್ ಮಾರ್ಕ್ 7, 1990ರ ದಶಕದ ರೇಂಜ್ ರೋವರ್‌ಗಳಲ್ಲಿ ಈಗಿನ ರೂಪ ಮೂಡಿತು. ಐವತ್ತರ ದಶಕದ ಆ ಕಾಯಿಲೆ ಮಾತ್ರ ಇವತ್ತಿಗೂ ಅದೇ: ಸೋರಿಕೆ.

ನಮ್ಮಲ್ಲಿ ಏರ್ ಸಸ್ಪೆನ್ಷನ್ ಎಂದರೇನೆಂದು ಜನಕ್ಕೆ ಗೊತ್ತಾದದ್ದು ಬಸ್ಸಿನಿಂದ. ಹೊಸಕೋಟೆಯಲ್ಲಿ ವೋಲ್ವೋ ಬಸ್ ಕಟ್ಟಲು ಶುರುಮಾಡಿದ್ದು 2001ರಲ್ಲಿ. ಕೆಎಸ್ಆರ್‌ಟಿಸಿಯ ಐರಾವತ ವೋಲ್ವೋ ಬಸ್ ಹತ್ತಿದವರಿಗೆ ಹಂಪು ಬಂದದ್ದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅಂಥ ಬಸ್ಸುಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ಬಸ್ಸಿಗಿಲ್ಲದ ಕಷ್ಟ ಕಾರಿಗೇಕೆ ಎಂದು ಕೇಳಬಹುದು. ಬಸ್ಸಿನ ಕಂಪ್ರೆಸರ್ ದೊಡ್ಡದು. ಎಂಜಿನ್ನೇ ಅದನ್ನು ತಿರುಗಿಸುತ್ತದೆ, ಬ್ರೇಕಿಗೂ ಅದರದೇ ಗಾಳಿ. ದಿನವಿಡೀ ದುಡಿಯಲೆಂದೇ ಮಾಡಿದ್ದು ಅದು, ಅಲ್ಪಸ್ವಲ್ಪ ಸೋರಿದರೂ ತುಂಬಿಕೊಡುತ್ತದೆ. ಕಾರಿನಲ್ಲಿರುವುದು ಅಂಗೈಗಿಂತ ಸ್ವಲ್ಪ ದೊಡ್ಡ ಮೋಟಾರು. ಒಂದೆರಡು ನಿಮಿಷ ಓಡಿ, ತಣ್ಣಗಾಗಿ, ಮತ್ತೆ ಬೇಕಾದಾಗ ಓಡುವುದಷ್ಟೇ ಅದರ ಕೆಲಸ. ಸೋರುವ ಕಾರಿನಲ್ಲಿ ಅದು ತೂತುಕೊಡಕ್ಕೆ ನೀರು ಹೊತ್ತು ಹಾಕುತ್ತಲೇ ಇರಬೇಕಾಗುತ್ತದೆ. ಪಿಸ್ಟನ್ ರಿಂಗ್ ಸವೆದು, ಮೊದಲು ಅರ್ಧ ನಿಮಿಷಕ್ಕೆ ತುಂಬುತ್ತಿದ್ದ ಗಾಳಿಗೆ ಎರಡು ನಿಮಿಷ ಹಿಡಿಯುತ್ತದೆ, ಮೋಟಾರು ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೆ ಕರೆಂಟು ಕೊಡುವ ರಿಲೇಯ ಕಾಂಟ್ಯಾಕ್ಟುಗಳು ಪದೇಪದೇ ಕಿಡಿ ಹಾರಿ ಕೊನೆಗೊಂದು ದಿನ ಅಂಟಿಕೊಂಡರೆ ಮೋಟಾರು ನಿಲ್ಲದೆ ಓಡಿ ಸುಡುತ್ತದೆ. ಹೊಸ ಕಂಪ್ರೆಸರ್ ಹಾಕುವಾಗ ಹಳೆಯ ರಿಲೇಯನ್ನೇ ಉಳಿಸಿಕೊಳ್ಳುವುದು ಜಿಪುಣತನವೂ ಅಲ್ಲ, ಬರೀ ದಡ್ಡತನ.

ಸೋರಿಕೆಯಿಂದ ಆಗುವ ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಡ್ರೈಯರಿನೊಳಗೆ ಸಿಲಿಕಾ ಜೆಲ್ಲಿನಂಥ ಹರಳುಗಳಿರುತ್ತವೆ. ಒಳಬರುವ ಗಾಳಿಯ ತೇವವನ್ನು ಅವು ಹೀರಿಕೊಳ್ಳುತ್ತವೆ. ಕಾರನ್ನು ಇಳಿಸಿದಾಗ ಚೀಲದ ಒಣಗಾಳಿ ಅದೇ ಹರಳುಗಳ ನಡುವೆ ಹಾಯ್ದು ಹೊರಬೀಳುತ್ತದೆ, ಹೋಗುವಾಗ ತೇವವನ್ನೂ ಹೊತ್ತೊಯ್ಯುತ್ತದೆ. ಹರಳುಗಳು ಹೀಗೆ ಮತ್ತೆ ಮತ್ತೆ ಒಣಗುತ್ತವೆ. ಬಹಳ ಜಾಣ ಏರ್ಪಾಡು. ಆದರೆ ಗಾಳಿ ಚೀಲದ ಬಿರುಕಿನಿಂದಲೋ ಕೊಳವೆಯ ಬಾಯಿಂದಲೋ ಹೊರಟುಹೋದರೆ ಡ್ರೈಯರಿನತ್ತ ಮರಳಿ ಬರುವುದೇ ಇಲ್ಲ. ತೇವ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದಿಲ್ಲ. ಒಂದು ಹಂತದ ಮೇಲೆ ಹರಳುಗಳು ತೊಯ್ದು ಪುಡಿಯಾಗಿ ವಾಲ್ವ್ ಬ್ಲಾಕಿಗೆ ಸೇರುತ್ತವೆ, ಅಲ್ಲಿ ವಾಲ್ವುಗಳು ಸರಿಯಾಗಿ ಮುಚ್ಚದೆ ಹೊಸ ಸೋರಿಕೆ ಶುರುವಾಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದ ಗಾಳಿಯಲ್ಲಿ ಇದು ಇನ್ನೂ ಬೇಗ.

ಸೋರಿಕೆಯನ್ನು ಹಿಡಿಯುವುದು ಹೇಗೆ? ಸಂಜೆ ಸಮತಟ್ಟಾದ ಕಡೆ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ಅಳೆಯಿರಿ. ಬಾಗಿಲು ತೆಗೆದರೆ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಎಚ್ಚೆತ್ತು ಎತ್ತರ ಸರಿಮಾಡತೊಡಗುತ್ತದೆ. ನಾಲ್ಕೂ ಕಡೆ ಒಂದೇ ಸಮ ಒಂದು ಸೆಂಟಿಮೀಟರಿನ ಆಸುಪಾಸು ಇಳಿದಿದ್ದರೆ ಗಾಬರಿ ಬೇಡ. ಸಂಜೆ 30 ಡಿಗ್ರಿ ಇದ್ದದ್ದು ಬೆಳಗಿನ ಜಾವ 12 ಡಿಗ್ರಿಗೆ ಬಂದರೆ ಚೀಲದೊಳಗಿನ ಗಾಳಿ ಶೇ. 6ರಷ್ಟು ಕುಗ್ಗುತ್ತದೆ, ಚಳಿಗಾಲದಲ್ಲಿ ಇದು ಸಹಜ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಅದು ಸೋರಿಕೆ. ಹಳೆಯ ರೇಂಜ್ ರೋವರ್‌ಗಳಲ್ಲಿ ಒಂದು ತಮಾಷೆ ಉಂಟು: ನಿಲ್ಲಿಸಿಟ್ಟ ಕಾರಿನ ಕಂಪ್ಯೂಟರ್ ನಡುನಡುವೆ ಎಚ್ಚರಗೊಂಡು, ತಗ್ಗಿದ ಮೂಲೆಗೆ ಸಮವಾಗಲೆಂದು ಉಳಿದ ಮೂರನ್ನೂ ಇಳಿಸಿಬಿಡುತ್ತದೆ. ಬೆಳಿಗ್ಗೆ ನೋಡಿದವರು ನಾಲ್ಕೂ ಚೀಲ ಹೋಯಿತೆಂದು ತಲೆ ಮೇಲೆ ಕೈಹೊತ್ತು ಕೂರುತ್ತಾರೆ, ಹೋಗಿರುವುದು ಒಂದೇ.

ಮೂಲೆ ಗೊತ್ತಾದರೆ ಉಳಿದದ್ದು ಪಂಕ್ಚರ್ ಅಂಗಡಿಯ ವಿದ್ಯೆ. ಕಾರನ್ನು ಪೂರ್ತಿ ಏರಿಸಿ, ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಚೀಲದ ಮೇಲೆ, ಅದರಲ್ಲೂ ಕೆಳಗೆ ರಬ್ಬರು ಒಳಮಡಚಿಕೊಳ್ಳುವ ಅಂಚಿನ ಮೇಲೆ ಸಿಂಪಡಿಸಿ. ಕಾರು ದಿನವೂ ಒಂದೇ ಎತ್ತರದಲ್ಲಿ ಓಡುವುದರಿಂದ ಆ ಮಡಿಕೆ ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ, ಟೈರಿನ ಪಕ್ಕದಲ್ಲಿ ಕಾಣುವಂಥ ಸಣ್ಣ ಬಿರುಕುಗಳು ಮೂಡುತ್ತವೆ. ಮಡಿಚಿಕೊಂಡಾಗ ಅವು ಕಾಣುವುದಿಲ್ಲ, ಏರಿಸಿದಾಗ ಮಾತ್ರ ಬಾಯಿಬಿಡುತ್ತವೆ. ಆಮೇಲೆ ಕೊಳವೆ ಚೀಲಕ್ಕೆ ಸೇರುವ ಜಾಗ ನೋಡಿ. ಹಲವು ಸಲ ಅಲ್ಲಿ ಕೊಳವೆಯ ತುದಿಯನ್ನು ಅರ್ಧ ಇಂಚಿನಷ್ಟು ನೇರವಾಗಿ ಕತ್ತರಿಸಿ ಹೊಸ ಸೀಲ್ ಹಾಕಿ ಕೂರಿಸಿದರೆ ಮುಗಿಯಿತು. ನೊರೆ ಎಲ್ಲೂ ಏಳದಿದ್ದರೆ ಅನುಮಾನ ವಾಲ್ವ್ ಬ್ಲಾಕಿನ ಮೇಲೆ. ಒಂದು ಎಚ್ಚರಿಕೆ: ಗಾಳಿಯನ್ನು ನಂಬಿ ಕಾರಿನಡಿ ನುಗ್ಗಬೇಡಿ. ವಾಲ್ವ್ ತೆರೆದುಕೊಂಡರೆ ಎರಡು ಟನ್ನಿನ ಗಾಡಿ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಕೆಳಗೆ ಸ್ಟ್ಯಾಂಡ್ ಇಟ್ಟೇ ಕೆಲಸ. ಟೈರ್ ಬದಲಿಸಲು ಜ್ಯಾಕ್ ಹಾಕುವ ಮುನ್ನವೂ ಸಸ್ಪೆನ್ಷನ್ನನ್ನು ಜ್ಯಾಕ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಕಾರು ಎತ್ತರವಾಯಿತೆಂದು ತಿಳಿದು ಕಂಪ್ಯೂಟರ್ ಗಾಳಿ ಬಿಡತೊಡಗುತ್ತದೆ, ಇಳಿಸಿದಾಗ ಖಾಲಿ ಚೀಲ ಅಡ್ಡಾದಿಡ್ಡಿ ಮಡಚಿ ಸಿಕ್ಕಿಕೊಳ್ಳುತ್ತದೆ.

ಇನ್ನು ಬಟನ್ನಿನ ವಿಷಯ. ಲ್ಯಾಂಡ್ ರೋವರ್ ಡಿಫೆಂಡರ್ 110 ಹತ್ತಿ ಇಳಿಯಲು 50 ಮಿಲಿಮೀಟರ್ ತಗ್ಗುತ್ತದೆ, ಕಚ್ಚಾ ದಾರಿಗೆ 75 ಮಿಲಿಮೀಟರ್ ಏರುತ್ತದೆ, ತಳ ತಾಗಿ ನಿಂತುಬಿಟ್ಟರೆ ಇನ್ನೂ 70. ಇದೆಲ್ಲ ಬಳಸಲೆಂದೇ ಕೊಟ್ಟದ್ದು, ಬಳಸಿ. ಆಗಾಗ ಪೂರ್ತಿ ಏರಿಸಿ ಇಳಿಸಿದರೆ ಡ್ರೈಯರಿಗೂ ಒಳ್ಳೆಯದೇ. ಹಾಳುಮಾಡುವುದು ಎರಡು ಅಭ್ಯಾಸ. ಒಂದು, ಬೆಂಗಳೂರಿನ ಪ್ರತಿ ಹಂಪಿಗೂ ಏರಿಸಿ ಮತ್ತೆ ಇಳಿಸುವುದು. ಸಾಮಾನ್ಯ ಎತ್ತರದಲ್ಲಿ ನಿಧಾನವಾಗಿ ದಾಟಿದರೆ ಸಾಕಾಗುವ ಕಡೆ ಪುಟ್ಟ ಮೋಟಾರಿಗೆ ಅಷ್ಟು ದುಡಿಮೆ ಏಕೆ? ಇನ್ನೊಂದು, ಹೆದರಿಕೊಂಡು ವರ್ಷವಿಡೀ ಎತ್ತರದಲ್ಲೇ ಓಡಿಸುವುದು. ಎತ್ತರದಲ್ಲಿ ಚಕ್ರ ಕೆಳಕ್ಕೆ ಹೋಗಲು ಜಾಗವೇ ಉಳಿಯದೆ ಗುಂಡಿಗೆ ಬಿದ್ದಾಗ ದಢಾರೆನ್ನುತ್ತದೆ, ಆಕ್ಸಲ್ ಜಾಯಿಂಟುಗಳು ಓರೆಯಾಗಿ ತಿರುಗಿ ಸವೆಯುತ್ತವೆ. ಸದಾ ತಗ್ಗಿಸಿ ಓಡಿಸುವ ಶೋಕಿಯವರ ಟೈರುಗಳು ಒಳಬದಿಯಲ್ಲಿ ನುಣ್ಣಗಾಗುತ್ತವೆ. ಅಲೈನ್‌ಮೆಂಟ್ ಮಾಡಿಸುವುದೂ ಸಾಮಾನ್ಯ ಎತ್ತರದಲ್ಲೇ ಆಗಬೇಕು.

ತಿಂಗಳುಗಟ್ಟಲೆ ನಿಂತ ಕಾರು ಕುಸಿದಿದ್ದರೆ, ಸ್ಟಾರ್ಟ್ ಮಾಡಿ ಅದು ತಾನಾಗಿ ಮೇಲೇಳುವವರೆಗೆ ಕಾಯಿರಿ. ಚೀಲ ಖಾಲಿಯಿದ್ದಾಗ ಗೇಟು ದಾಟಿದರೂ ರಬ್ಬರಿನ ಮಡಿಕೆ ಲೋಹಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ.

ಸರ್ವೀಸ್ ಸ್ಟೇಷನ್ನಿನಲ್ಲಿ ವಾಟರ್ ವಾಷ್ ಆದ ಮೇಲೆ ತುಕ್ಕು ಹಿಡಿಯಬಾರದೆಂದು ಅಡಿಗೆಲ್ಲ ಡೀಸೆಲ್ಲೋ ಹಳೇ ಆಯಿಲ್ಲೋ ಹೊಡೆಯುವ ಪದ್ಧತಿ ನಮ್ಮಲ್ಲಿದೆ. ಹಳೆಯ ಜೀಪಿಗೆ ಅದು ಸರಿಯಿರಬಹುದು. ಗಾಳಿಯ ಚೀಲದ ರಬ್ಬರು ಎಣ್ಣೆ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಬೇಡವೆಂದು ಮೊದಲೇ ಹೇಳಿಬಿಡಿ. ಚೀಲದ ಮಡಿಕೆಯಲ್ಲಿ ಕೂತ ಮರಳು ಮಣ್ಣನ್ನು ಪೈಪಿನ ಸಾದಾ ನೀರಿನಲ್ಲಿ ತೊಳೆದರೆ ಸಾಕು. ಕಾರನ್ನು ಏರಿಸಿಟ್ಟು ತೊಳೆಯಿರಿ.

ಹೊರಗಿನ ಏರ್ ಸಸ್ಪೆನ್ಷನ್ ಕಿಟ್ ಹಾಕಿಸಿಕೊಳ್ಳುವ ಆಸೆಯಿರುವವರಿಗೆ ಎರಡು ಮಾತು. ಅದರ ಟ್ಯಾಂಕಿಗೆ ಒಳಗೆ ಕೂಡಿದ ನೀರನ್ನು ಹೊರಬಿಡುವ ನಲ್ಲಿ ಇರುತ್ತದೆ, ಅದನ್ನು ಆಗಾಗ ತೆರೆಯಬೇಕು. ಕಂಪ್ರೆಸರಿನ ಡ್ಯೂಟಿ ಸೈಕಲ್ ಶೇ. 33 ಎಂದಿದ್ದರೆ ಹತ್ತು ನಿಮಿಷ ಓಡಿದ್ದಕ್ಕೆ ಇಪ್ಪತ್ತು ನಿಮಿಷ ವಿಶ್ರಾಂತಿ ಕೊಡಲೇಬೇಕು. ಅದಕ್ಕಿಂತ ಮುಖ್ಯವಾಗಿ, ತಯಾರಕರು ಕೊಟ್ಟ ರೂಪ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಮುಂದುವರಿಯಬೇಡಿ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಅಗ್ಗವೇಕೆ ಎಂಬುದು ಇಷ್ಟು ಓದಿದವರಿಗೆ ಗೊತ್ತಾಗಿರುತ್ತದೆ. ಎಂಜಿನ್ ಬಿಸಿ ಮಾಡಿ, ಏರಿಸಿ ನಿಲ್ಲಿಸಿ ತೋರಿಸಿದ ಕಾರನ್ನು ನೋಡಿ ಮಾತು ಮುಗಿಸಬೇಡಿ. ಒಂದು ರಾತ್ರಿ ಅದು ನಿಂತಲ್ಲೇ ಇರಲಿ, ಬೆಳಿಗ್ಗೆ ಟೇಪು ಹಿಡಿದು ನೀವೇ ಹೋಗಿ. ಆಮೇಲೆ ಸ್ಟಾರ್ಟ್ ಮಾಡಿಸಿ ಕಂಪ್ರೆಸರ್ ಎಷ್ಟು ಹೊತ್ತು ಗುಂಯ್‌ಗುಡುತ್ತದೆಂದು ಕಿವಿಗೊಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರು ಬೇಡ.