ರಟ್ಟು, ರಬ್ಬರ್‌ಬ್ಯಾಂಡು, ರಿಫಿಲ್ಲು

ತಾಲ್ಲೂಕು ಕಚೇರಿಯ ಎದುರು ಸಾಲಾಗಿರುವ ಜೆರಾಕ್ಸ್ ಅಂಗಡಿಗಳಲ್ಲಿ ಯಾವುದಾದರೂ ಒಂದರ ಮಷಿನ್ನಿನ ಪಕ್ಕದ ಬಾಗಿಲು ತೆಗೆಸಿ ನೋಡಿ. ಕಂಪನಿಯವರು ಹಾಕಿರದ ಎರಡು ಮೂರು ಸಾಮಾನಾದರೂ ಒಳಗೆ ಸಿಗುತ್ತವೆ: ಮಡಚಿಟ್ಟ ಲಗ್ನಪತ್ರಿಕೆಯ ತುಂಡು, ಬಾಲ್‌ಪೆನ್ನಿನ ಸ್ಪ್ರಿಂಗು, ಸೈಕಲ್ ಟ್ಯೂಬಿನ ಪಟ್ಟಿ, ಎಂ-ಸೀಲ್ ಮೆತ್ತಿದ ಗೇರು. ಮಷಿನ್ನು ಜಪಾನಿ ಕಂಪನಿಯದು. ಎಷ್ಟೋ ಸಲ ಅದು ಬೇರೆ ದೇಶದ ಕಚೇರಿಯೊಂದರಲ್ಲಿ ಲಕ್ಷಗಟ್ಟಲೆ ಪ್ರತಿ ತೆಗೆದು, ಅಲ್ಲಿ ಬೇಡವಾಗಿ, ಕಂಟೇನರಿನಲ್ಲಿ ಹಡಗು ಹತ್ತಿ ಬಂದಿರುತ್ತದೆ. ಕಂಪನಿಯ ಗ್ಯಾರಂಟಿ ಇಲ್ಲ, ಬಿಡಿಭಾಗ ಕೇಳಿದರೆ ‘ಆ ಮಾಡೆಲ್ ನಿಂತುಹೋಗಿದೆ’ ಎಂಬ ಉತ್ತರ. ಇಲ್ಲಿ ಅದರ ಎರಡನೆಯ ಆಯುಷ್ಯ ನಡೆಯುವುದು ಬೈಕಿನಲ್ಲಿ ಬರುವ ಮೆಕ್ಯಾನಿಕ್ಕಿನ ಕೈಗುಣದ ಮೇಲೆ.

ಈ ಮೆಕ್ಯಾನಿಕ್ಕುಗಳಲ್ಲಿ ಐಟಿಐ ಮುಗಿಸಿದವರಿದ್ದಾರೆ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವರಿದ್ದಾರೆ, ಅಂಗಡಿಯಲ್ಲಿ ಪ್ರತಿ ತೆಗೆಯುವ ಹುಡುಗರಾಗಿ ಸೇರಿ ಮಷಿನ್ನಿನ ಹೊಟ್ಟೆಯೊಳಗೆ ಇಳಿದವರಿದ್ದಾರೆ. ಬ್ಯಾಗಿನಲ್ಲಿ ತುದಿಗೆ ಅಯಸ್ಕಾಂತವಿರುವ ಉದ್ದನೆಯ ಸ್ಕ್ರೂಡ್ರೈವರ್, ಪೇಂಟ್ ಬ್ರಷ್ಷು, ಸ್ಪಿರಿಟ್ಟು, ಹಳೆಯ ಬನಿಯನ್ ಬಟ್ಟೆ, ಒಂದು ಡಬ್ಬಿ ಗ್ರೀಸು. ಇವಕ್ಕಿಂತ ಬೆಲೆಬಾಳುವುದು ಇನ್ನೊಂದು ಡಬ್ಬಿ: ಸತ್ತ ಮಷಿನ್ನುಗಳಿಂದ ಬಿಚ್ಚಿಟ್ಟ ಗೇರು, ಕ್ಲಿಪ್ಪು, ಬುಷ್ಷು, ಸ್ಪ್ರಿಂಗುಗಳು ಅದರಲ್ಲಿರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿಗೆ, ಅಂದರೆ ಸಾದರ್ ಪತ್ರಪ್ಪ ರಸ್ತೆಗೆ, ಕಾಲ್ನಡಿಗೆಯ ದೂರದಲ್ಲಿರುವವರಿಗೆ ಈ ಡಬ್ಬಿಯ ಹಂಗು ಕಡಿಮೆ. ಸಿಂಧನೂರಿನಲ್ಲೋ ಸಿದ್ದಾಪುರದಲ್ಲೋ ಕೂತವರಿಗೆ ಅದೇ ಗೋದಾಮು.

ಇದನ್ನೆಲ್ಲ ಅಡ್ಡದಾರಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಂತ್ರಕ್ಕೆ ಸುಳ್ಳು ಹೇಳಬೇಕಾದರೆ ಅದು ಯಾವುದನ್ನು ನಿಜ ಎಂದು ನಂಬುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಪುಸ್ತಕ ನೋಡಿ ಭಾಗ ಬದಲಿಸುವವನಿಗೆ ಆ ತಿಳಿವಳಿಕೆ ಬೇಕಾಗುವುದೇ ಇಲ್ಲ.

ಉದಾಹರಣೆಗೆ ಪೇಪರ್ ಸೆನ್ಸರನ್ನೇ ತೆಗೆದುಕೊಳ್ಳಿ. ಕಾಗದ ಬಂತೋ, ದಾಟಿತೋ ಎಂದು ತಿಳಿಯಲು ಮಷಿನ್ನಿನ ದಾರಿಯುದ್ದಕ್ಕೂ ಚಿಕ್ಕಚಿಕ್ಕ ಪ್ಲಾಸ್ಟಿಕ್ ನಾಲಿಗೆಗಳಿರುತ್ತವೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅವು ‘ಫ್ಲ್ಯಾಗು’. ಕಾಗದ ತಾಗಿದಾಗ ನಾಲಿಗೆ ಸರಿಯುತ್ತದೆ, ಅದರ ಇನ್ನೊಂದು ತುದಿ ಒಂದು ಅವಕೆಂಪು ಕಿರಣಕ್ಕೆ ಅಡ್ಡ ಬರುತ್ತದೆ ಅಥವಾ ದಾರಿ ಬಿಡುತ್ತದೆ. ಸಿಕ್ಕಿಕೊಂಡ ಕಾಗದವನ್ನು ಅಂಗಡಿಯ ಹುಡುಗ ಅವಸರದಲ್ಲಿ ಜಗ್ಗಿದಾಗ ಮೊದಲು ಮುರಿಯುವುದು ಇದೇ. ಆಮೇಲೆ ಒಳಗೆ ಒಂದು ಚೂರು ಕಾಗದ ಇಲ್ಲದಿದ್ದರೂ ಪರದೆಯ ಮೇಲೆ ‘ಪೇಪರ್ ಜಾಮ್’ ಕೂತೇ ಇರುತ್ತದೆ. ಮುರಿದ ನಾಲಿಗೆಯ ಜಾಗಕ್ಕೆ ಬಾಲ್‌ಪೆನ್ ರಿಫಿಲ್ಲಿನ ತುಂಡನ್ನು ಲೈಟರಿನಲ್ಲಿ ಬೆಚ್ಚಗೆ ಮಾಡಿ, ಬಗ್ಗಿಸಿ, ಫೆವಿಕ್ವಿಕ್ ಹಾಕಿ ಕೂರಿಸುತ್ತಾರೆ. ಹೊಸಬ ಅಲ್ಲಿಗೇ ನಿಲ್ಲಿಸುತ್ತಾನೆ, ಮಷಿನ್ನು ಮತ್ತೆ ಜಾಮ್ ಎನ್ನುತ್ತದೆ. ಬಿಳಿ ಪ್ಲಾಸ್ಟಿಕ್ಕು ಆ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಕರಿ ಮಾರ್ಕರ್ ಬಳಿದರೂ ಭರವಸೆಯಿಲ್ಲ, ನಮ್ಮ ಕಣ್ಣಿಗೆ ಕಡುಕಪ್ಪಾದ ಎಷ್ಟೋ ಶಾಯಿಗಳು ಅವಕೆಂಪಿಗೆ ಪಾರದರ್ಶಕ. ಪಳಗಿದವನು ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆಯನ್ನು ತುದಿಗೆ ಒಂದು ಸುತ್ತು ಸುತ್ತುತ್ತಾನೆ. ಅದರ ಭಾರಕ್ಕೆ ನಾಲಿಗೆ ತಾನಾಗಿಯೇ ಹಿಂದಕ್ಕೆ ಬೀಳುತ್ತದೆ ಎಂಬುದು ಬೋನಸ್ಸು.

ಆದರೂ ಹೆಚ್ಚು ಫೋನು ಬರುವುದು ‘ಪೇಪರ್ ಎಳೀತಿಲ್ಲ’ ಅಥವಾ ‘ಒಂದ್ಸಲಕ್ಕೆ ನಾಕು ನಾಕು ಎಳೀತಿದೆ’ ಎಂಬ ಎರಡು ದೂರುಗಳಿಗೆ. ಕಚೇರಿಗಳಲ್ಲಿ ಮೇಜಿಗೊಂದರಂತಿರುವ ಚಿಕ್ಕ ಲೇಸರ್ ಪ್ರಿಂಟರುಗಳಲ್ಲಂತೂ ಇದು ನಿತ್ಯದ ಗೋಳು. ಮೇಲೆ ಒಂದು ರಬ್ಬರ್ ರೋಲರು, ಕೆಳಗೆ ಒಂದು ಪ್ಯಾಡು. ರೋಲರಿನ ಹಿಡಿತ ಮೇಲಿನ ಹಾಳೆಯನ್ನು ಮುಂದೂಡಬೇಕು, ಪ್ಯಾಡಿನ ಹಿಡಿತ ಕೆಳಗಿನದನ್ನು ತಡೆಯಬೇಕು. ಕಾಗದದ ಧೂಳು ತಿಂದು ತಿಂದು ರಬ್ಬರು ನುಣ್ಣಗಾದಾಗ ಈ ಲೆಕ್ಕ ತಪ್ಪುತ್ತದೆ. ಮೊದಲ ಉಪಾಯ ಒದ್ದೆ ಬಟ್ಟೆ. ಅದು ಒಂದು ವಾರ ನಡೆಸುತ್ತದೆ. ಎರಡನೆಯದು ಉಪ್ಪುಕಾಗದ, ನಯವಾದ ನಂಬರಿನದು, ಅದರಿಂದ ರಬ್ಬರಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಮೂರನೆಯದು ರೋಲರಿನ ರಬ್ಬರ್ ಬಳೆಯನ್ನು ಬಿಚ್ಚಿ ಸವೆಯದ ಭಾಗ ಕಾಗದಕ್ಕೆ ತಾಗುವಂತೆ ತಿರುಗಿಸಿ ಹಾಕುವುದು. ಅದೂ ಮುಗಿದಿದ್ದರೆ ಬಳೆಯ ಅಡಿಗೆ ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಸುತ್ತಿ ರೋಲರನ್ನು ಕೂದಲೆಳೆಯಷ್ಟು ದಪ್ಪ ಮಾಡುತ್ತಾರೆ. ಎರಡು ಸುತ್ತಾದರೆ ಹಾಳೆ ಸೊಟ್ಟಗೆ ಹೋಗುತ್ತದೆ. ಪ್ಯಾಡಿನ ಸ್ಪ್ರಿಂಗು ಸೋತಿದ್ದರೆ ಅದರಡಿಗೆ ರಟ್ಟು, ಇಲ್ಲಿ ಲಗ್ನಪತ್ರಿಕೆಯೇ ಶ್ರೇಷ್ಠ, ವಿಸಿಟಿಂಗ್ ಕಾರ್ಡು ತೆಳುವಾಯಿತು ಎಂಬುದು ಅನುಭವಸ್ಥರ ಮತ. ‘ಟೆಂಪರರಿ ಮಾಡ್ಕೊಟ್ಟಿದೀನಿ ಸಾರ್, ಪಾರ್ಟ್ ಬಂದ್ಮೇಲೆ ಹಾಕ್ತೀನಿ’ ಎಂದು ಹೇಳಿ ಇಟ್ಟುಹೋದ ಆ ರಟ್ಟು ಮೂರು ಪರೀಕ್ಷಾ ಸೀಸನ್ನು ದಾಟಿದ್ದೂ ಉಂಟು.

ಈ ಯಂತ್ರದ ಹುಟ್ಟೇ ಹೀಗೆ ಕೈಗೆ ಸಿಕ್ಕಿದ್ದರಿಂದ ಆದದ್ದು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ತನ್ನ ಸಹಾಯಕ ಒಟ್ಟೊ ಕೊರ್ನೈ ಜೊತೆ ಮೊದಲ ಪ್ರತಿ ತೆಗೆದಾಗ ಬಳಸಿದ್ದು ಗಂಧಕ ಬಳಿದ ಸತುವಿನ ತಗಡು, ಅದಕ್ಕೆ ವಿದ್ಯುತ್ ತುಂಬಲು ಉಜ್ಜಿದ ಬಟ್ಟೆ, ಉದುರಿಸಲು ಲೈಕೊಪೋಡಿಯಂ ಪುಡಿ, ಕೊನೆಗೆ ಒತ್ತಲು ಮೇಣದ ಕಾಗದ. ಅದೇ ತತ್ವ ಇಪ್ಪತ್ತೊಂದು ವರ್ಷಗಳ ನಂತರ, 1959ರಲ್ಲಿ, ‘ಜೆರಾಕ್ಸ್ 914’ ಎಂಬ ಮಾರಾಟದ ಯಂತ್ರವಾಯಿತು. ಸುಮಾರು 300 ಕಿಲೊ ತೂಗುತ್ತಿದ್ದ ಆ ಯಂತ್ರದಲ್ಲಿ, ಚಿತ್ರ ಮೂಡುವ ಡ್ರಮ್ಮಿಗೆ ಅಂಟಿ ಉಳಿದ ಪುಡಿಯನ್ನು ಒರೆಸಲು ಎಂಜಿನಿಯರುಗಳಿಗೆ ಒಗ್ಗಿದ್ದು ಮೊಲದ ತುಪ್ಪಳದ ಬ್ರಷ್ಷು. ಕಾಗದ ಒಳಗೇ ಸಿಕ್ಕಿಕೊಂಡು ಬಿಸಿಗೆ ಹೊತ್ತಿಕೊಳ್ಳುವುದಿತ್ತು. ಅದಕ್ಕೆ ಮಷಿನ್ನಿನ ಜೊತೆ ಒಂದು ಪುಟ್ಟ ಅಗ್ನಿಶಾಮಕವನ್ನು ಕೊಟ್ಟು, ಹೆಸರು ಮಾತ್ರ ಮೆತ್ತಗೆ ‘ಸ್ಕಾರ್ಚ್ ಎಲಿಮಿನೇಟರ್’ ಎಂದಿಟ್ಟರು. ಭಾರತಕ್ಕೆ 1983ರಲ್ಲಿ ಮೋದಿ ಜೆರಾಕ್ಸ್ ಎಂಬ ಜಂಟಿ ಕಂಪನಿಯ ಮೂಲಕ ಜೆರಾಕ್ಸ್ ಹೆಸರು ಬಂತು. ಇಂದು ಯಾವ ಕಂಪನಿಯ ಮಷಿನ್ನಾದರೂ ನಮಗದು ಜೆರಾಕ್ಸೇ.

ಜಪಾನಿನಲ್ಲೋ ಅಮೆರಿಕದಲ್ಲೋ ಕೂತು ಚಿತ್ರ ಬರೆದವರ ಲೆಕ್ಕಕ್ಕೆ ಮಲೆನಾಡಿನ ಆಷಾಢ ಸಿಕ್ಕಿರಲಿಕ್ಕಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಬಂಡಲಿನ ಕಾಗದವೇ ನೀರು ಹೀರುತ್ತದೆ. ತೇವದ ಕಾಗದದ ಮೇಲೆ ಚಾರ್ಜು ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಡ್ರಮ್ಮಿನ ಮೇಲಿನ ಟೋನರ್ ಪುಡಿ ಅರ್ಧಂಬರ್ಧ ಇಳಿದು ಪ್ರತಿ ಮಾಸಲಾಗುತ್ತದೆ. ಮುಂದೆ, ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರಿನ 180 ಡಿಗ್ರಿಯ ಆಸುಪಾಸಿನ ಬಿಸಿಗೆ ಆ ತೇವ ಆವಿಯಾಗಿ ಹಾಳೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. ಟ್ರೇಯನ್ನು ಬೆಚ್ಚಗಿಡುವ ಹೀಟರನ್ನು ಕೆಲವು ಕಂಪನಿಗಳು ಕೊಡುತ್ತವೆ, ಆದರೆ ಸೆಕೆಂಡ್‌ಹ್ಯಾಂಡ್ ಮಷಿನ್ನಿಗೆ ಅದನ್ನು ಎಲ್ಲಿಂದ ತರುವುದು? ಕಾಗದದ ಬೀರುವಿನೊಳಗೆ ಒಂದು ಹದಿನೈದು ವ್ಯಾಟಿನ ಬಲ್ಬು ಉರಿಸಿಟ್ಟರೆ ಸಾಕು ಎಂಬುದನ್ನು ಇಲ್ಲಿನವರು ಕಂಡುಕೊಂಡಿದ್ದಾರೆ. ಈಗಿನ ತೊಂದರೆ ಎಂದರೆ ಎಲ್‌ಇಡಿ ಬಂದು ಬಿಸಿಯಾಗುವ ಬಲ್ಬೇ ಅಪರೂಪವಾಗಿರುವುದು. ಬೆಚ್ಚಗಿರುವ ಮಷಿನ್ನಿಗೆ ಹಲ್ಲಿ, ಜಿರಳೆ, ಇಲಿಮರಿಗಳೂ ಒಕ್ಕಲು ಬರುತ್ತವೆ. ಗಾಳಿಕಿಂಡಿಗೆ ಸೊಳ್ಳೆಜಾಲರಿ ಹೊಡೆದು ಒಳಗೆ ನುಸಿಗುಳಿಗೆ ಇಡುವುದು ಸಾಮಾನ್ಯ. ಜಾಲರಿ ಸಣ್ಣಗಾದರೆ ಫ್ಯಾನಿಗೆ ಉಸಿರು ಕಟ್ಟಿ ಬೋರ್ಡು ಸುಡುತ್ತದೆ, ಹಾಗಾಗಿ ಅದರ ಕಣ್ಣಿನ ಅಳತೆಯಲ್ಲೂ ಒಂದು ಜಾಣತನ ಬೇಕು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಲೋಕವೇ ಬೇರೆ. ಒಂದು ಕಾಲಕ್ಕೆ ಮೈಸೂರಿನ ವಿಪ್ರೊ ಘಟಕದಿಂದಲೂ ತುಮಕೂರಿನ ಟಿವಿಎಸ್ ಘಟಕದಿಂದಲೂ ಇವು ದೇಶಕ್ಕೆಲ್ಲ ಹೋಗುತ್ತಿದ್ದವು. ಕಾರ್ಬನ್ ಪ್ರತಿ ಬೇಕಿರುವ ಲಾರಿ ಬುಕಿಂಗ್ ಆಫೀಸು, ಮಂಡಿ, ಔಷಧಿ ಅಂಗಡಿಗಳಲ್ಲಿ ಕಿರ್ರೆನ್ನುವ ಆ ಸದ್ದು ಇನ್ನೂ ನಿಂತಿಲ್ಲ. ಇದರ ಹೆಡ್ಡಿನಲ್ಲಿ ಒಂದರ ಕೆಳಗೊಂದು ಒಂಬತ್ತು ಪಿನ್ನುಗಳು, ಒಂದೊಂದೂ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಹರಿದ ರಿಬ್ಬನ್ನಿಗೆ ಸಿಕ್ಕಿ ಒಂದು ಪಿನ್ನು ಮುರಿದರೆ ಪ್ರತಿ ಸಾಲಿನ ಉದ್ದಕ್ಕೂ ಬಿಳಿಗೆರೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲಿನ ಏಳು ಪಿನ್ನು ಸಾಕು, ಕೆಳಗಿನವು ಬಾಲವಿರುವ ಅಕ್ಷರಕ್ಕೂ ಅಡಿಗೆರೆಗೂ ಮಾತ್ರ. ಕನ್ನಡವನ್ನು ಪ್ರಿಂಟರು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಬರೆಯುತ್ತದೆ. ಆ ವಿಧಾನದಲ್ಲಿ ಸಾಮಾನ್ಯವಾಗಿ ಎಂಟು ಪಿನ್ನು ದುಡಿಯುತ್ತವೆ, ಒಂಬತ್ತನೆಯದು ಸುಮ್ಮನೆ ಕೂತಿರುತ್ತದೆ. ಹೊಸ ಹೆಡ್ಡಿನ ಬೆಲೆ ಹಳೆಯ ಪ್ರಿಂಟರಿನ ಬೆಲೆಗೆ ಸಮವಾಗಿರುವಾಗ ಮೆಕ್ಯಾನಿಕ್ಕು ಹೆಡ್ಡನ್ನು ಬಿಚ್ಚಿ, ಆ ನಿರುದ್ಯೋಗಿಯನ್ನು ಕಳಚಿ ಮುರಿದವನ ಜಾಗಕ್ಕೆ ಹಾಕುತ್ತಾನೆ. ಉದ್ದ ಹೆಚ್ಚುಕಮ್ಮಿ ಇದ್ದರೆ ಎಣ್ಣೆಕಲ್ಲಿನ ಮೇಲೆ ಉಜ್ಜುವುದು, ಜೋಡಿಸುವುದು, ಒಂದು ಸಾಲು ಹೊಡೆದು ನೋಡುವುದು, ಮತ್ತೆ ಬಿಚ್ಚುವುದು. ಹೊರಗೆ ಗಿರಾಕಿ ಬಿಲ್ಲಿಗೆ ಕಾಯುತ್ತಿರುತ್ತಾನೆ. ಭೂತಗನ್ನಡಿ ಹಿಡಿದು ಮಾಡಬೇಕಾದ ಈ ಕೆಲಸ ಗಡಿಯಾರ ರಿಪೇರಿಯವರನ್ನು ನೆನಪಿಸುತ್ತದೆ. ಇವರಿಗೆ ಆ ಮರ್ಯಾದೆ ಮಾತ್ರ ಸಿಕ್ಕಿಲ್ಲ.

ಟೈಪ್‌ರೈಟರ್ ಮೆಕ್ಯಾನಿಕ್ಕುಗಳು ಇವರೆಲ್ಲರ ಹಿರಿಯರು. ಗೋದ್ರೆಜ್ 1955ರಲ್ಲಿ ಭಾರತದ ಮೊದಲ ಟೈಪ್‌ರೈಟರ್ ತಂದ ನಂತರ ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳನ್ನು ಕಾಪಾಡಿದವರು ಅವರು. ಕಾಗದ ಹೊತ್ತ ಗಾಡಿಯನ್ನು ಎಳೆಯುವ ಪಟ್ಟಿ ಕಡಿದರೆ ಮೀನಿನ ಬಲೆಯ ನೈಲಾನ್ ದಾರ, ಕಲ್ಲಾದ ರಬ್ಬರ್ ರೋಲಿಗೆ ಉಪ್ಪುಕಾಗದ. ಲೇಸರ್ ಪ್ರಿಂಟರಿನ ಉಪ್ಪುಕಾಗದ ಬಂದದ್ದು ಅಲ್ಲಿಂದಲೇ ಇದ್ದೀತು.

ಇಂಥ ವಿದ್ಯೆ ಎಲ್ಲಿ ಕಲಿತಿರಿ ಎಂದರೆ ‘ಹಂಗೇ ನೋಡ್ಕೊಂಡು’ ಎನ್ನುತ್ತಾರೆ. ಈ ‘ಹಂಗೇ’ ಎಂದರೇನು ಎಂದು ಕೂತು ನೋಡಿದವರು ಮಾನವಶಾಸ್ತ್ರಜ್ಞ ಜೂಲಿಯನ್ ಓರ್. ಜೆರಾಕ್ಸ್ ಕಂಪನಿಯ ಕ್ಯಾಲಿಫೋರ್ನಿಯಾದ ಸಂಶೋಧನಾ ಕೇಂದ್ರದಲ್ಲಿದ್ದ ಅವರು 1980ರ ದಶಕದಲ್ಲಿ ಅಲ್ಲಿನ ಟೆಕ್ನಿಷಿಯನ್ನರ ಬೆನ್ನಿಗೆ ಬಿದ್ದು, ಅವರೊಡನೆ ತಿಂಡಿ ತಿಂದು, ಗಿರಾಕಿಗಳ ಬಳಿ ಹೋಗಿ, 1996ರಲ್ಲಿ ‘ಟಾಕಿಂಗ್ ಅಬೌಟ್ ಮಷೀನ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಕಂಪನಿ ದಪ್ಪನೆಯ ಕೈಪಿಡಿ ಕೊಟ್ಟಿತ್ತು: ಈ ಕೋಡು ಬಂದರೆ ಈ ಭಾಗ ನೋಡು, ಅದು ಸರಿಯಿದ್ದರೆ ಮುಂದಿನ ಪುಟಕ್ಕೆ ಹೋಗು. ಓರ್ ಕಂಡ ಒಂದು ಪ್ರಸಂಗದಲ್ಲಿ ಮಷಿನ್ನು ‘ಇ053’ ಎಂಬ ಕೋಡು ತೋರಿಸುತ್ತಿತ್ತು, ರೋಗವಿದ್ದದ್ದು ಬೇರೆಲ್ಲೋ. ಕೈಪಿಡಿ ಸೋತಿತು. ಟೆಕ್ನಿಷಿಯನ್ನೂ ಅವನ ಮೇಲಿನ ತಜ್ಞನೂ ಕೂತು ‘ಹಿಂದೊಮ್ಮೆ ಹೀಗಾಗಿತ್ತಲ್ಲ’ ಎಂದು ಒಂದಾದ ಮೇಲೊಂದು ಕಥೆ ಹೇಳಿಕೊಳ್ಳುತ್ತ ಹೋದರು. ಕೊನೆಗೆ ಆ ಕಥೆಗಳ ನಡುವೆಯೇ ಉತ್ತರ ಸಿಕ್ಕಿತು. ಕಂಪನಿ ಇದನ್ನು ಹರಟೆ ಎಂದು ತಿಳಿದಿತ್ತು, ಓರ್ ಇದೇ ಕೆಲಸದ ತಿರುಳು ಎಂದರು. ಆ ಕೇಂದ್ರದವರು ಮುಂದೆ ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿದರು. ಮೊದಲು ಫ್ರಾನ್ಸಿನಲ್ಲಿ ಓಡಿದ ಅದರಲ್ಲಿ ಟೆಕ್ನಿಷಿಯನ್ನರೇ ತಮ್ಮ ಉಪಾಯ ಬರೆಯುತ್ತಿದ್ದರು, ಇತರರು ಪರೀಕ್ಷಿಸಿ ಒಪ್ಪುತ್ತಿದ್ದರು. ಪ್ರತಿಫಲವಾಗಿ ಅವರು ಬಯಸಿದ್ದು ಹಣವನ್ನಲ್ಲ, ಉಪಾಯದ ಜೊತೆ ತಮ್ಮ ಹೆಸರು ಇರಬೇಕೆಂಬುದನ್ನು. ನಮ್ಮವರ ಯುರೇಕಾ ಚಹಾದಂಗಡಿ, ಈಚೆಗೆ ವಾಟ್ಸಾಪ್ ಗ್ರೂಪು. ಬೆಳಿಗ್ಗೆ ಒಬ್ಬ ಕೋಡಿನ ಫೋಟೊ ಹಾಕುತ್ತಾನೆ, ಮಧ್ಯಾಹ್ನದೊಳಗೆ ರಾಯಚೂರಿನಿಂದ ಒಬ್ಬ, ಹುಬ್ಬಳ್ಳಿಯಿಂದ ಒಬ್ಬ ವಾಯ್ಸ್ ಮೆಸೇಜ್ ಕಳಿಸಿರುತ್ತಾರೆ.

ಎಲ್ಲ ತೇಪೆಯೂ ಮೆಚ್ಚತಕ್ಕದ್ದಲ್ಲ. ಫ್ಯೂಸರಿನ ಬಿಸಿ ಮಿತಿಮೀರಿದರೆ ಕರೆಂಟು ಕಡಿಯಲೆಂದು ಒಂದು ಥರ್ಮಲ್ ಫ್ಯೂಸು ಇರುತ್ತದೆ. ಅದು ಹೋದಾಗ ಎರಡು ತುದಿಗೂ ವೈರು ಸುತ್ತಿ ಮಷಿನ್ನು ಓಡಿಸಿಕೊಟ್ಟು ಹೋಗುವ ಮಹಾಶಯರೂ ಇದ್ದಾರೆ. ಅದು ಅಂಗಡಿಗೆ ಬೆಂಕಿ ಇಟ್ಟು ಬಂದಂತೆಯೇ. ಮುಚ್ಚಳದ ಸ್ವಿಚ್ಚಿಗೆ ಕಾಗದದ ಉಂಡೆ ತುರುಕಿ ಬಾಗಿಲು ತೆರೆದೇ ಓಡಿಸುವುದೂ ಅಷ್ಟೆ, ಒಳಗಿನ ಲೇಸರು ಕಣ್ಣಿಗೆ ಕಾಣುವ ಜಾತಿಯದಲ್ಲ. ಕಾಗದಕ್ಕೆ ಸಂಬಂಧಪಟ್ಟದ್ದನ್ನು ಹೇಗೆ ಬೇಕಾದರೂ ಹೊಂದಿಸು, ಬಿಸಿಗೂ ಬೆಳಕಿಗೂ ಸಂಬಂಧಪಟ್ಟದ್ದನ್ನು ಮುಟ್ಟಬೇಡ ಎಂದು ಒಳ್ಳೆಯ ಮೇಸ್ತ್ರಿಗಳು ಶಿಷ್ಯರಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ತಮ್ಮ ಶ್ವಾಸಕೋಶದ ವಿಚಾರದಲ್ಲಿ ಮಾತ್ರ ಅವರೇ ಉದಾಸೀನರು. ಕೆಲವೇ ಮೈಕ್ರಾನ್ ಗಾತ್ರದ ಟೋನರ್ ಪುಡಿಯನ್ನು ಮೂಗಿಗೆ ಕರವಸ್ತ್ರವನ್ನೂ ಕಟ್ಟದೆ ಬ್ಲೋವರಿನಲ್ಲಿ ಊದುತ್ತಾರೆ.

ಈಗ ಪೈಪೋಟಿ ಚಿಪ್ಪಿನ ಜೊತೆ. ನಮ್ಮ ಕಚೇರಿಗಳಲ್ಲಿ ಎಚ್‌ಪಿಯ 12ಎ ಕಾರ್ಟ್ರಿಜ್ಜಿನ ಪ್ರಿಂಟರುಗಳು ಇಷ್ಟು ಬೇರೂರಿದ್ದಕ್ಕೆ ಅದರಲ್ಲಿ ಚಿಪ್ಪಿಲ್ಲದಿರುವುದೂ ಒಂದು ಕಾರಣ. ತೂತು ಕೊರೆದು ಪುಡಿ ತುಂಬಿ ಟೇಪು ಅಂಟಿಸಿದರೆ ಅದು ತಕರಾರಿಲ್ಲದೆ ಓಡುತ್ತದೆ. ಹೊಸ ಮಾಡೆಲ್ಲುಗಳಲ್ಲಿ ಕಾರ್ಟ್ರಿಜ್ಜಿಗೊಂದು ಚಿಪ್ಪು, ಅದು ಪುಟ ಎಣಿಸಿ ‘ಮುಗಿಯಿತು’ ಎಂದಮೇಲೆ ಒಳಗೆ ಪುಡಿ ತುಂಬಿದ್ದರೂ ಪ್ರಿಂಟರು ಒಪ್ಪದು. ಲೆಕ್ಸ್‌ಮಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2017ರಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್ಜಿನ ಮೇಲೆ ಕಂಪನಿ ಪೇಟೆಂಟ್ ಹಕ್ಕು ಚಲಾಯಿಸುವಂತಿಲ್ಲ ಎಂದಿತು. ರಿಪೇರಿಯ ಹಕ್ಕಿಗೆ ಚೌಕಟ್ಟು ರೂಪಿಸಲು ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ಸಮಿತಿ ಮಾಡಿತು. ಅಂಗಡಿಯ ಮಟ್ಟದಲ್ಲಿ ನಡೆಯುವುದು ಇಷ್ಟೆ: ಎಸ್.ಪಿ. ರೋಡಿನಲ್ಲಿ ಬೇರೆ ಚಿಪ್ಪು ಸಿಗುತ್ತದೆ, ಹಳೆಯದನ್ನು ಬ್ಲೇಡಿನಲ್ಲಿ ಎಬ್ಬಿಸಿ ಹೊಸದನ್ನು ಅಂಟಿಸುತ್ತಾರೆ. ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿ ಅದನ್ನೂ ಕೆಡಿಸುತ್ತದೆ ಎಂದು ಗಿರಾಕಿಗೆ ‘ಅಪ್‌ಡೇಟ್ ಕೇಳಿದ್ರೆ ನೋ ಒತ್ತಿ’ ಎಂದು ಹೇಳಿ ಬರುತ್ತಾರೆ.

ಇವರಿಗೆ ನಿಜವಾದ ಕಷ್ಟ ಇರುವುದು ಬಿಲ್ಲು ಬರೆಯುವಾಗ. ಎರಡು ತಾಸು ತಲೆ ಕೆಡಿಸಿಕೊಂಡು ಒಂದು ರಟ್ಟಿನ ತುಂಡು ಇಟ್ಟು ಮಷಿನ್ನು ಓಡಿಸಿಕೊಟ್ಟವನು ಮುನ್ನೂರು ರೂಪಾಯಿ ಕೇಳಿದರೆ, ‘ಏನೂ ಹಾಕೇ ಇಲ್ಲವಲ್ಲ’ ಎಂದು ಮಾಲೀಕ ಚೌಕಾಸಿಗೆ ಇಳಿಯುತ್ತಾನೆ. ಒಂದೂವರೆ ಸಾವಿರದ ರೋಲರು ಬದಲಿಸಿದ್ದರೆ ಅದೇ ಮಾಲೀಕ ಮರುಮಾತಿಲ್ಲದೆ ಕೊಡುತ್ತಿದ್ದ. ಹಾಗಾಗಿ ಕೆಲವರು ಬ್ಯಾಗಿನಲ್ಲಿ ಒಂದು ಸವೆದ ಗೇರನ್ನೋ ಸುಟ್ಟ ಬುಷ್ಷನ್ನೋ ಇಟ್ಟುಕೊಂಡೇ ತಿರುಗುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಟೇಬಲ್ಲಿನ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತ, ‘ಇದು ಹೋಗಿತ್ತು ಸಾರ್’ ಎನ್ನುತ್ತಾರೆ.